ನಿಮಗಿದು ಗೊತ್ತೆ? ಕಬ್ಬಿನ ಸಿಪ್ಪೆಗೂ ಒಂದು ಕಾಯಿಲೆ

ಕಬ್ಬಿನ ಸಿಪ್ಪೆಯ ಹೆಸರಲ್ಲೇ ಒಂದು ಶ್ವಾಸಕೋಶದ ಕಾಯಿಲೆಯಿದೆ: ಬಗಾಸೋಸಿಸ್. ಆಗತಾನೆ ಅರೆದ ಹಸಿ ಸಿಪ್ಪೆಯಿಂದ ಅಪಾಯವಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಸಕ್ಕರೆ ಕಾರ್ಖಾನೆಗಳಲ್ಲಿ ಬೀಳುವಂಥ ಸಿಪ್ಪೆ ರಾಶಿ ಬಹುದಿನ ಕೂತರೆ ಒಳಗೇ ಕಾವು ಏರುತ್ತದೆ. ಆ ಬಿಸಿಯಲ್ಲೇ ಬೂಷ್ಟಿನಂಥ ಸೂಕ್ಷ್ಮಜೀವಿ ಹಬ್ಬುತ್ತದೆ. ಒಣ ರಾಶಿ ಕೆದರಿದಾಗ ಅದರ ದೂಳು ಎದೆಗಿಳಿಯುತ್ತದೆ. ಕೆಲವೇ ತಾಸಿನಲ್ಲಿ ಕೆಮ್ಮು, ಜ್ವರ, ಏದುಸಿರು. ಬರೀ ನೆಗಡಿ ಎಂದು ಸುಮ್ಮನಿರಬೇಡಿ, ಮಾಡುವ ಕೆಲಸವನ್ನೂ ವೈದ್ಯರಿಗೆ ತಿಳಿಸಿ.

ದೇಶದಲ್ಲಿ ಇದು ಮೊದಲು ವರದಿಯಾದದ್ದು 1955ರಲ್ಲಿ, ಕೋಲ್ಕತ್ತ ಬಳಿಯ ರಟ್ಟಿನ ಕಾರ್ಖಾನೆಯಿಂದ. ಅಚ್ಚರಿಯೆಂದರೆ, ಇಲ್ಲಿ ತೇವವೇ ರಕ್ಷಣೆ: ಸಿಪ್ಪೆಯ ತೇವಾಂಶ ಶೇ 20ಕ್ಕಿಂತ ಹೆಚ್ಚಿದ್ದರೆ ದೂಳೇಳದು. ಬೂಷ್ಟು ತಡೆಯಲು ಶೇ 2ರ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸುತ್ತಾರೆ. ಒಣ ದೂಳನ್ನಂತೂ ನೀರು ಚಿಮುಕಿಸದೆ ಗುಡಿಸಲೇಬಾರದು.