ಉಕ್ಕಿನ ರಥಗಳ ಗುರುತು

ಮೈಸೂರಿನಲ್ಲಿ ಟ್ಯಾಂಕು ಎಂಬ ಮಾತಿಗೆ ಬಹುಕಾಲ ಒಂದೇ ಅರ್ಥವಿದ್ದಿತು. ಕುಕ್ಕರಹಳ್ಳಿಯ ಕೆರೆಯನ್ನು ಇಂಗ್ಲಿಷ್ ಕಾಗದಪತ್ರಗಳಲ್ಲಿ ಕುಕ್ಕರಹಳ್ಳಿ ಟ್ಯಾಂಕೆಂದೇ ಬರೆಯುತ್ತಿದ್ದರು. ಯುದ್ಧದ ಟ್ಯಾಂಕಿಗೂ ಆ ಹೆಸರು ಬಂದುದು ನೀರಿನಿಂದಲೇ ಎಂಬುದು ವಾಚಕರಿಗೆ ವಿನೋದವಾಗಿ ಕಾಣಬಹುದು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲರು ಈ ಯಂತ್ರವನ್ನು ಗುಟ್ಟಾಗಿ ಕಟ್ಟುತ್ತಿದ್ದಾಗ, ಶತ್ರುವಿನ ಗೂಢಚಾರರ ಕಣ್ಣಿಗೆ ಮಣ್ಣೆರಚುವುದಕ್ಕಾಗಿ ಅದನ್ನು ನೀರಿನ ತೊಟ್ಟಿಯೆಂದು ಹೇಳಿಕೊಂಡರು. ೧೯೧೬ನೆಯ ಇಸವಿ ಸೆಪ್ಟೆಂಬರ್ ೧೫ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಸುಳ್ಳು ಹೆಸರೇ ನಿಜವಾಗಿ ನಿಂತಿತು.

ಕಳೆದ ರಜೆಯಲ್ಲಿ ನಾವು ಮೈಸೂರಿನಿಂದ ಮಡಿಕೇರಿಗೆ ಹೋಗಿದ್ದೆವು. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆಯು ೨೦೨೧ರಿಂದ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಅಂಗಳದಲ್ಲಿ ಒಂದು ಟಿ-೫೫ ಟ್ಯಾಂಕನ್ನು ನಿಲ್ಲಿಸಿದ್ದಾರೆ. ನಮ್ಮ ಮುಂದೆ ನಿಂತಿದ್ದ ಗೃಹಸ್ಥರೊಬ್ಬರು ತಮ್ಮ ಮಕ್ಕಳಿಗೆ, “ತಿಮ್ಮಯ್ಯನವರು ಕಾಶ್ಮೀರದಲ್ಲಿ ಹತ್ತಿಹೋದದ್ದು ಇದೇ ಟ್ಯಾಂಕು, ನೋಡಿ” ಎಂದರು. ಜೊತೆಯಲ್ಲಿದ್ದ ವೃದ್ಧೆಯು, “ಪ್ಯಾಟನ್ ಅಂತಾರಲ್ಲ, ಅದೇ ತಾನೆ?” ಎಂದರು. ಎರಡೂ ತಪ್ಪು. ಮಕ್ಕಳಿದಿರಿಗೆ ತಂದೆಯ ಮಾತನ್ನು ತಿದ್ದುವುದು ಸಭ್ಯತೆಯಲ್ಲವೆಂದು ನಾವು ಸುಮ್ಮನಾದೆವು. ಆದರೆ ಆ ಮಕ್ಕಳು ಅದನ್ನೇ ಸತ್ಯವೆಂದು ಶಾಲೆಯಲ್ಲಿ ಹೇಳಿಯಾರೆಂಬ ಕೊರಗು ಮನಸ್ಸಿನಲ್ಲಿ ಉಳಿಯಿತು. ಆ ಮೌನದ ಸಾಲವನ್ನು ಈಗ ತೀರಿಸುತ್ತಿದ್ದೇವೆ.

ಟ್ಯಾಂಕನ್ನು ಗುರುತಿಸಬೇಕಾದರೆ ಮೊದಲು ಗಾಲಿಗಳನ್ನು ಎಣಿಸತಕ್ಕದ್ದು. ಬಣ್ಣವನ್ನೂ ಬರೆಹವನ್ನೂ ನಂಬಬಾರದು, ಏಕೆಂದರೆ ಪ್ರದರ್ಶನಕ್ಕೆ ಇಟ್ಟ ಟ್ಯಾಂಕುಗಳಿಗೆ ಹೊಸದಾಗಿ ಬಣ್ಣ ಬಳಿಯುವುದುಂಟು. ಗಾಲಿಯ ಲೆಕ್ಕ ಮಾತ್ರ ಬದಲಾಗದು. ರಷ್ಯಾದ ಟಿ-೫೫ಕ್ಕೆ ಒಂದೊಂದು ಪಕ್ಕದಲ್ಲಿಯೂ ಐದು ದೊಡ್ಡ ಗಾಲಿಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದುಕಾಣುವ ಸಂದು. ಉಕ್ಕಿನ ಪಟ್ಟಿಯು ಮೇಲುಗಡೆ ಆ ಗಾಲಿಗಳ ಮೇಲೆಯೇ ಒರಗಿ ಓಡುತ್ತದೆ. ತಿರುಗುವ ಗೋಪುರವು ಬೋರಲು ಹಾಕಿದ ಬೋಗುಣಿಯಂತೆ. ಫಿರಂಗಿಯ ಬಾಯಿ ೧೦೦ ಮಿಲಿಮೀಟರು. ೧೯೬೫ರ ಯುದ್ಧದಲ್ಲಿ ಪಾಕಿಸ್ತಾನವು ತಂದ ಅಮೆರಿಕದ ಪ್ಯಾಟನ್ನಿಗಾದರೋ ಗಾಲಿಗಳು ಆರು. ಪಟ್ಟಿಯನ್ನು ಎತ್ತಿಹಿಡಿಯಲು ಮೇಲೆ ಬೇರೆ ಸಣ್ಣ ಉರುಳೆಗಳು. ಟಿ-೫೫ ತಯಾರಾಗತೊಡಗಿದ್ದೇ ೧೯೫೮ರಲ್ಲಿ. ತಿಮ್ಮಯ್ಯನವರು ಟ್ಯಾಂಕೇರಿ ಹೋದುದು ಅದಕ್ಕೆ ಹತ್ತು ವರ್ಷ ಮೊದಲು.

ಹಾಗಾದರೆ ಅವರು ಏರಿದುದು ಯಾವುದು? ಅದು ಸ್ಟುವರ್ಟ್ ಎಂಬ ಚಿಕ್ಕ ಅಮೆರಿಕನ್ ಟ್ಯಾಂಕು. ೭ನೆಯ ಲೈಟ್ ಕ್ಯಾವಲ್ರಿ ರೆಜಿಮೆಂಟಿನದು. ಈ ರೆಜಿಮೆಂಟು ೧೭೮೪ರಲ್ಲಿ ಮದ್ರಾಸಿನ ಕುದುರೆಯ ದಂಡಾಗಿ ಹುಟ್ಟಿದುದು. ಅದರ ಯುದ್ಧಗೌರವಗಳ ಪಟ್ಟಿಯಲ್ಲಿ ಮೈಸೂರು, ಶ್ರೀರಂಗಪಟ್ಟಣ ಎಂಬ ಹೆಸರುಗಳೂ ಇವೆ. ಎಂದರೆ, ಒಂದು ಕಾಲದಲ್ಲಿ ನಮ್ಮ ನಾಡಿನ ಮೇಲೆಯೇ ಏರಿಬಂದ ದಂಡು! ೧೯೪೪ರಲ್ಲಿ ಅದು ಇಂಫಾಲದಲ್ಲಿ ಜಪಾನೀಯರನ್ನು ಎದುರಿಸಿತು. ಸ್ಟುವರ್ಟಿನಲ್ಲಿ ಕೂಡುವವರು ನಾಲ್ವರು. ಫಿರಂಗಿಯ ಬಾಯಿ ೩೭ ಮಿಲಿಮೀಟರು, ಎರಡು ಬೆರಳಿನಷ್ಟು. ಪಕ್ಕಕ್ಕೆ ನಾಲ್ಕು ಸಣ್ಣ ಗಾಲಿಗಳು ಜೋಡಿಜೋಡಿಯಾಗಿರುತ್ತವೆ. ಹಿಂದೆ ಒಂದು ದೊಡ್ಡ ಗಾಲಿ ನೆಲಕ್ಕೆ ತಾಗಿಕೊಂಡಿರುತ್ತದೆ. ಆ ಹಿಂದಿನ ಗಾಲಿಯೇ ಅದರ ಖಚಿತವಾದ ಗುರುತು.

ಯೂರೋಪಿನ ಸೇನಾನಿಗಳು ತೀರ ಹಗುರವೆಂದು ತಾತ್ಸಾರ ಮಾಡಿದ ಈ ಬಂಡಿಯೇ ಲಡಾಖಿಗೆ ಆಪದ್ಬಂಧುವಾಯಿತು. ೧೯೪೮ರಲ್ಲಿ ದಾಳಿಕಾರರು ಜೋಜಿ ಲಾ ಕಣಿವೆಯನ್ನು ಹಿಡಿದು ಕುಳಿತು, ಶ್ರೀನಗರದಿಂದ ಲೇಹಕ್ಕೆ ಹೋಗುವ ದಾರಿಯನ್ನು ಕಡಿದುಹಾಕಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ಪ್ರಯತ್ನವು ಫಲಿಸಲಿಲ್ಲ. ಚಳಿಗಾಲ ಕವಿದರೆ ಲೇಹದ ಆಸೆಯನ್ನು ಬಿಡಬೇಕಾಗಿದ್ದಿತು. ಆಗ ತಿಮ್ಮಯ್ಯನವರು, ಹನ್ನೊಂದು ಸಾವಿರ ಅಡಿಗೂ ಮಿಕ್ಕ ಆ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಬೇಕೆಂದು ನಿಶ್ಚಯಿಸಿದರು. ಸೇತುವೆಗಳ ಮೇಲಿನ ಭಾರ ಕಡಮೆಯಾಗಲೆಂದೂ, ಕಂಡವರು ಟ್ಯಾಂಕೆಂದು ತಿಳಿಯದಿರಲೆಂದೂ, ಗೋಪುರಗಳನ್ನು ಕಳಚಿ, ಬಂಡಿಗಳಿಗೆ ಮುಸುಕು ಹಾಕಿ ಜಮ್ಮುವಿನ ಕಡೆಯಿಂದ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಯ ಹಾದಿ. ಅದನ್ನು ಕೆಲವೇ ವಾರಗಳಲ್ಲಿ ಟ್ಯಾಂಕು ಹಿಡಿಯುವಷ್ಟು ಅಗಲಿಸಿಕೊಟ್ಟವರು ಮದ್ರಾಸ್ ಸ್ಯಾಪರ್ಸ್ ದಳದವರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇವರ ಕೇಂದ್ರಸ್ಥಾನ.

ಹಿಮ ಬಿದ್ದು ದಿನ ಮುಂದಕ್ಕೆ ಹೋಯಿತು. ಕಡೆಗೆ ನವೆಂಬರ್ ೧ರಂದು, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂದಿನ ಟ್ಯಾಂಕಿನಲ್ಲಿ ಜನರಲ್ಲರು ತಾವೇ ಕುಳಿತಿದ್ದರು. ಬಂಡೆಗಳ ಮರೆಯಲ್ಲಿದ್ದವರು ಆ ಎತ್ತರದಲ್ಲಿ ಫಿರಂಗಿಬಂಡಿಯನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸವೂ ಕಾರ್ಗಿಲ್ಲೂ ಕೈಗೆ ಬಂದವು. ಲೇಹದ ದಾರಿ ತೆರೆಯಿತು.

ಇನ್ನು ಟ್ಯಾಂಕಿನ ಮೈಮೇಲಿನ ಚಿಹ್ನೆಗಳ ಮಾತು. ಮದುವೆಯ ಮನೆಯಲ್ಲಿ ನೆರೆಹೊರೆಯ ಪಾತ್ರೆಗಳು ಬೆರೆತುಹೋಗದಿರಲೆಂದು ನಾವು ಹೆಸರು ಕೆತ್ತಿಸುವುದಿಲ್ಲವೆ? ಇದೂ ಅಂಥದೇ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಪದ್ಧತಿಯಲ್ಲಿ ಗೋಪುರದ ಮೇಲೆ ತ್ರಿಕೋಣವಿದ್ದರೆ ‘ಎ’ ತುಕಡಿ, ಚೌಕವಿದ್ದರೆ ‘ಬಿ’, ವೃತ್ತವಿದ್ದರೆ ‘ಸಿ’. ಇಸ್ಪೀಟಿನ ಡೈಮನ್ನಿನ ಆಕಾರವಿದ್ದರೆ ಮುಖ್ಯ ಠಾಣ್ಯದ್ದು. ಒಂದು ಬ್ರಿಗೇಡಿನ ಹಿರಿಯ ರೆಜಿಮೆಂಟಿಗೆ ಕೆಂಪು, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ನೀಲಿ. ಹಳದಿಯ ಬಟ್ಟಲಲ್ಲಿ ಕಪ್ಪು ಅಂಕಿಯಿದ್ದರೆ ಅದು ಬಂಡಿಯ ನಂಬರಲ್ಲ. ಯಾವ ಸೇತುವೆ ಅದರ ಭಾರವನ್ನು ತಾಳೀತೆಂಬುದರ ಸೂಚನೆ. ಇವಲ್ಲದೆ ಡಿವಿಷನ್ನುಗಳ ಲಾಂಛನಗಳು ಬೇರೆ. ಬರ್ಮಾದಲ್ಲಿ ಕಾದಿದ ೧೭ನೆಯ ಭಾರತೀಯ ಡಿವಿಷನ್ನಿನ ಲಾಂಛನ ಕರಿಯ ಬೆಕ್ಕು! ಬೆಕ್ಕು ಅಡ್ಡ ಬಂದರೆ ಹೊಸ್ತಿಲಿನಿಂದ ಹಿಂದಿರುಗುವ ನಮ್ಮವರಿಗೆ ಇದು ಸೋಜಿಗವೇ ಸರಿ.

ನಮ್ಮ ಮೈಸೂರಿನ ರಾವುತರಿಗೂ ಗುರುತಿನ ಕೊರತೆಯಿರಲಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣದ ಮೇಲೆ, ಜೋಧಪುರದವರೊಡನೆ ಕೂಡಿ, ಈಟಿ ಹಿಡಿದು ಮೆಷಿನ್‌ಗನ್ನುಗಳಿಗೆ ಎದುರಾಗಿ ಏರಿಹೋದ ಮೈಸೂರು ಲ್ಯಾನ್ಸರ್ಸ್ ದಳದವರು ನಮ್ಮ ಗಂಡಭೇರುಂಡದ ಮನೆತನದವರು. ೧೯೫೩ರಲ್ಲಿ ಅವರ ದಳವು ಬೇರೆ ಸಂಸ್ಥಾನಗಳ ಕುದುರೆದಂಡುಗಳೊಡನೆ ಸೇರಿ, ಮುಂದೆ ೬೧ನೆಯ ಕ್ಯಾವಲ್ರಿ ಎನಿಸಿತು.

ನಮ್ಮ ವಾಚಕರ ಅಟ್ಟದ ಪೆಟ್ಟಿಗೆಗಳಲ್ಲಿ, ಟ್ಯಾಂಕಿಗೆ ಒರಗಿ ನಿಂತ ಅಜ್ಜನದೋ ಸೋದರಮಾವನದೋ ಮಾಸಿದ ಛಾಯಾಚಿತ್ರವಿದ್ದರೆ, ಕಟ್ಟು ಹಾಕಿಸುವಾಗ ಅಂಚನ್ನು ಕತ್ತರಿಸಗೊಡಬೇಡಿ. ಗಾಲಿಗಳೂ ಗುರುತುಗಳೂ ಸಾಮಾನ್ಯವಾಗಿ ಅಂಚಿನಲ್ಲಿಯೇ ಇರುತ್ತವೆ. ತಾರೀಖು ಬೆನ್ನಿನ ಮೇಲೆ.