ತಿಳಿನೀರಿನ ಒಳಗುಟ್ಟು

ಮಳೆಗಾಲದ ಕೆನ್ನೀರನ್ನು ಹೊಳೆಯಿಂದ ಕೊಡದಲ್ಲಿ ತಂದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಮಣ್ಣು ತಳ ಸೇರಿ ಮೇಲೆ ತಿಳಿನೀರು ನಿಂತಿರುತ್ತದೆ. ಹಾಗಾದರೆ ಕಣಗಳೆಲ್ಲ ಕೆಳಗಿಳಿದವೇ? ಇಲ್ಲ. ಕಣ್ಣಿಗೆ ಕಾಣದ ಕೋಟ್ಯಂತರ ನ್ಯಾನೊ ಕಣಗಳು ಅದರಲ್ಲಿ ಇನ್ನೂ ತೇಲುತ್ತಿರುತ್ತವೆ.

ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಈ ಕಣಗಳು ಕಾರ್ಖಾನೆಯಲ್ಲಷ್ಟೇ ಹುಟ್ಟುವುದಿಲ್ಲ. ಕಲ್ಲು ಸವೆದಾಗ, ನೀರಿನಲ್ಲಿನ ಕಬ್ಬಿಣ ತುಕ್ಕಾದಾಗ ತಾವಾಗಿಯೇ ಉಂಟಾಗುತ್ತವೆ. ಇವುಗಳ ಶಕ್ತಿಯೆಲ್ಲ ಮೇಲ್ಮೈಯಲ್ಲಿದೆ. 1 ಸೆಂ.ಮೀ. ಅಳತೆಯ ಘನದ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂ.ಮೀ. ಅದನ್ನೇ 1 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ! ಇಷ್ಟು ಜಾಗ ಸಿಕ್ಕರೆ ಸೀಸ, ಆರ್ಸೆನಿಕ್‌ಗಳು ಅಂಟಿಕೊಳ್ಳದೆ ಬಿಟ್ಟಾವೆಯೇ?

ಎಲೆಯಿಂದ ಬಂದ ಪೊರೆ

ಕೊಳೆತ ಎಲೆ, ಬೇರುಗಳಿಂದ ನೀರಿಗಿಳಿಯುವ ಹ್ಯೂಮಿಕ್ ಪದಾರ್ಥ ಈ ಕಣಗಳ ಮೇಲೆ ಪೊರೆಯಂತೆ ಕೂರುತ್ತದೆ. ಪೊರೆಯ ಋಣ ವಿದ್ಯುದಂಶದಿಂದಾಗಿ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಗುಂಪುಗೂಡಿ ಮುಳುಗುವ ಬದಲು ಲೋಹ ಹೊತ್ತು ದೂರ ಸಾಗುತ್ತವೆ. ಸಮುದ್ರದ ಉಪ್ಪುನೀರು ಬೆರೆತಾಗ ಈ ತಳ್ಳಾಟ ಕುಗ್ಗುತ್ತದೆ. ಕಣಗಳು ಒಟ್ಟುಗೂಡಿ ಅಳಿವೆಯ ತಳ ಸೇರುತ್ತವೆ.

ಬಾವಿಗಿಳಿದ ವಿಷ

ತಳ ಸೇರಿದ ಮಾತ್ರಕ್ಕೆ ಅಪಾಯ ಮುಗಿಯಿತೆನ್ನುವಂತಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಕ್ಲಾರ್ಕ್ ಫೋರ್ಕ್ ನದಿ ಇದಕ್ಕೆ ಸಾಕ್ಷಿ. ಅಲ್ಲಿನ ತಾಮ್ರದ ಗಣಿಗಳ ತ್ಯಾಜ್ಯ 1908ರ ಮಹಾಪೂರದಲ್ಲಿ ಕೊಚ್ಚಿ ಬಂದು ಮಿಲ್‌ಟೌನ್ ಅಣೆಕಟ್ಟೆಯ ಹಿಂದೆ ಹೂಳಾಗಿ ನಿಂತಿತು. 1981ರಲ್ಲಿ ಸಮೀಪದ ಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಯಿತು! ಆಮ್ಲಜನಕವಿಲ್ಲದ ಹೂಳಿನಾಳದಲ್ಲಿ ಬ್ಯಾಕ್ಟೀರಿಯಾಗಳು ಕಬ್ಬಿಣದ ತುಕ್ಕನ್ನು ಕರಗಿಸುತ್ತವೆ. ಅದಕ್ಕೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕೊನೆಗೆ 2008ರಲ್ಲಿ ಅಣೆಕಟ್ಟೆಯನ್ನೇ ಒಡೆಯಬೇಕಾಯಿತು. ಇದೇ ನದಿಯ ಮಾದರಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಜ್ಞಾನಿಗಳು, ಕಬ್ಬಿಣ ಮತ್ತು ಟೈಟಾನಿಯಂ ಆಕ್ಸೈಡಿನ ನ್ಯಾನೊ ಕಣಗಳಿಗೆ ಸೀಸ ಅಂಟಿರುವುದನ್ನು ಕಂಡರು.

ಇನ್ನೊಂದು ಸ್ವಾರಸ್ಯ. ಪ್ರಯೋಗಾಲಯಗಳಲ್ಲಿ 0.45 ಮೈಕ್ರೋಮೀಟರ್ ರಂಧ್ರದ ಸೋಸುಪರದೆ ದಾಟಿದ ಲೋಹವನ್ನು 'ಕರಗಿದ ಲೋಹ' ಎಂದು ಲೆಕ್ಕ ಹಾಕುವುದು ವಾಡಿಕೆ. ಆ ರಂಧ್ರ 450 ನ್ಯಾನೊಮೀಟರಿನದು. ನ್ಯಾನೊ ಕಣಗಳು ಅದರಲ್ಲಿ ಸಲೀಸಾಗಿ ನುಸುಳುತ್ತವೆ. 'ಕರಗಿದ' ಲೆಕ್ಕದಲ್ಲಿ ಸವಾರಿ ಹೊರಟ ಲೋಹವೂ ಸೇರಿರುತ್ತದೆ!

ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗದು. ಗಣಿ, ಕಾರ್ಖಾನೆಗಳ ಸುತ್ತಲಿನ ನೀರಿಗೆ ಕಣ್ಣಿನ ಸಾಕ್ಷಿ ಸಾಲದು, ಪರೀಕ್ಷೆಯೇ ಬೇಕು.