ಹಳೆಯ ಲಾರಿಯನ್ನು ಕ್ಯಾಂಪರ್ ವಾಹನವಾಗಿ ಪರಿವರ್ತಿಸಲು ಇಚ್ಛಿಸುವವರಿಗೆ ಮಾಹಿತಿ

ಬಳಕೆಯಾದ ಭಾರಿ ಲಾರಿಯೊಂದನ್ನು ಕೊಂಡು, ಅದರಲ್ಲಿ ಮಲಗುವ, ಅಡುಗೆ ಮಾಡುವ ಹಾಗೂ ಶೌಚದ ವ್ಯವಸ್ಥೆ ಮಾಡಿಕೊಂಡು, ಕುಟುಂಬ ಸಮೇತ ಯಾತ್ರೆ ಹಾಗೂ ಪ್ರವಾಸ ಕೈಗೊಳ್ಳಲು ಕೆಲವು ನಾಗರಿಕರು ಅಪೇಕ್ಷಿಸುತ್ತಾರೆ. ದಾವಣಗೆರೆ ಮತ್ತು ಹರಿಹರ ನಗರಗಳು ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಅಂದರೆ ಇಂದಿನ ರಾಷ್ಟ್ರೀಯ ಹೆದ್ದಾರಿ 48ರ ಮಾರ್ಗದಲ್ಲಿ ಇರುವುದರಿಂದ ಇಲ್ಲಿ ಹಳೆಯ ಲಾರಿಗಳಿಗೂ ಅವುಗಳ ಕೆಲಸ ಬಲ್ಲವರಿಗೂ ಕೊರತೆ ಇಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಗಿದ್ದರೂ ಲೇತ್ ಮತ್ತು ವೆಲ್ಡಿಂಗ್ ಕೆಲಸ ಊರಿನಲ್ಲಿ ಅಪರಿಚಿತವಲ್ಲ. ಆದುದರಿಂದ ಕಟ್ಟುವ ಕೆಲಸ ಕಷ್ಟದ್ದಲ್ಲ. ಕಟ್ಟಿದ ನಂತರ ವಾಹನವನ್ನು ರಸ್ತೆಗೆ ಇಳಿಸುವ ಹಕ್ಕು ಉಳಿದಿರುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆಯಾಗಿದ್ದು, ಅದು ಗ್ಯಾಸ್ ಕಟ್ಟರ್ ಹಚ್ಚುವ ಮೊದಲೇ ತೀರ್ಮಾನವಾಗಿರತಕ್ಕದ್ದು.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಮೇರೆಗೆ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹಿಂದೆ ಯಾರೋ ಮಾಡಿಸಿಕೊಂಡಿದ್ದರು ಎಂಬ ಗ್ಯಾರೇಜಿನ ಮಾತು ಇಂದು ಆಧಾರವಾಗಲಾರದು.

ದಂಡಕ್ಕಿಂತ ದೊಡ್ಡ ನಷ್ಟ ವಿಮೆಯದು. ಸರಕು ವಾಹನವೆಂದು ವಿಮೆ ಮಾಡಿಸಿದ ಲಾರಿಯೊಳಗೆ ಮನೆಯನ್ನೇ ಕಟ್ಟಿ, ಅಪಘಾತವಾದಲ್ಲಿ, ವಿಮಾ ಕಂಪನಿಯು ವಾಹನದ ಹಾನಿಯನ್ನು ಭರಿಸಲು ನಿರಾಕರಿಸುವ ಹಾಗೂ ಗಾಯಾಳುಗಳಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲಿ ಮಾಡುವ ಸಾಧ್ಯತೆ ಇರುತ್ತದೆ. ನಿವೃತ್ತಿಯ ಹಣವನ್ನು ಲಾರಿಗೆ ಹಾಕಿದ ಕುಟುಂಬಕ್ಕೆ ಇದು ಮನೆಯನ್ನೇ ಮಾರಬೇಕಾದ ಪ್ರಸಂಗವಾದೀತು.

ಇಷ್ಟಾದರೂ ಕ್ಯಾಂಪರ್ ವಾಹನ ನಿಷಿದ್ಧವಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬುದು ಸಾರಿಗೇತರ ವಾಹನಗಳ ಪಟ್ಟಿಯಲ್ಲಿ ಪ್ರತ್ಯೇಕ ವರ್ಗವಾಗಿಯೇ ಇದೆ. ಬಾಡಿಗೆಗೆ ಬಿಡುವ ಕ್ಯಾಂಪರ್ ಸಾರಿಗೆ ವಾಹನವಾಗುತ್ತದೆ. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಮಾನದಂಡವಿದ್ದು, ಪುಣೆಯ ಎಆರ್‌ಎಐ ಮುಂತಾದ ಅಧಿಕೃತ ಪರೀಕ್ಷಾ ಸಂಸ್ಥೆಗಳು ವಿನ್ಯಾಸವನ್ನು ಪರೀಕ್ಷಿಸಿ ಪ್ರಮಾಣೀಕರಿಸುತ್ತವೆ. ಒಂದೇ ಒಂದು ವಾಹನಕ್ಕಾಗಿ ಈ ಪರೀಕ್ಷೆಗೆ ಹೋಗುವುದು ಮಿತವ್ಯಯದ ದಾರಿಯಲ್ಲ. ಈಗಾಗಲೇ ಅನುಮೋದನೆ ಪಡೆದಿರುವ ಬಾಡಿ ನಿರ್ಮಾಪಕರನ್ನು ಸಂಪರ್ಕಿಸುವುದು ಲೇಸು. ಅನುಮೋದನೆಯು ನಿರ್ದಿಷ್ಟ ಮಾದರಿಯ ಚಾಸಿಗೆ ಸಂಬಂಧಿಸಿರುವುದರಿಂದ, ಯಾವ ಮಾದರಿಗೆ ಅನುಮೋದನೆ ಇದೆ ಎಂಬುದನ್ನು ತಿಳಿದ ಮೇಲೆಯೇ ಲಾರಿಯನ್ನು ಹುಡುಕತಕ್ಕದ್ದು. ಸಾಮಾನ್ಯವಾಗಿ ಜನರು ಮಾಡುವುದು ಇದಕ್ಕೆ ತದ್ವಿರುದ್ಧ: ಅಗ್ಗಕ್ಕೆ ಸಿಕ್ಕಿತೆಂದು ಮೊದಲು ಲಾರಿ ಕೊಳ್ಳುತ್ತಾರೆ.

ಲಾರಿಯ ಆಯ್ಕೆ

ಎಂಜಿನ್ ಸದ್ದಿಗಿಂತ ಮೊದಲು ಕಾಗದಪತ್ರಗಳನ್ನು ನೋಡತಕ್ಕದ್ದು. ತೆರಿಗೆ ಬಾಕಿ, ಇ-ಚಲನ್ ಬಾಕಿ, ಸಾಲದ ನಮೂದು, ಪರ್ಮಿಟ್ ಹಾಗೂ ಅರ್ಹತಾ ಪತ್ರದ ಸ್ಥಿತಿಯನ್ನು ಪರಿಶೀಲಿಸಬೇಕು. ಸಾಲ ತೀರಿದ್ದಲ್ಲಿ ನಮೂನೆ 35ರ ಮೂಲಕ ಆ ನಮೂದನ್ನು ತೆಗೆಸಿರಬೇಕು. ತೀರದಿದ್ದಲ್ಲಿ ಸಾಲ ನೀಡಿದವರ ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಾಡು ಮಾಡುವಂತಿಲ್ಲ. ಚಾಸಿ ಸಂಖ್ಯೆಯನ್ನು ಚಾಸಿಯ ಮೇಲೆಯೇ ಉಜ್ಜಿ ಓದಿ, ಆರ್.ಸಿ.ಯೊಂದಿಗೆ ತಾಳೆ ನೋಡಬೇಕು. ತುಕ್ಕಿನಿಂದ ಸಂಖ್ಯೆ ಅಳಿಸಿದ್ದರೆ ಅಂತಹ ಲಾರಿಯನ್ನು ಬಿಟ್ಟುಬಿಡುವುದೇ ಕ್ಷೇಮ.

ಸರ್ಕಾರಿ ಇಲಾಖೆಗಳ ಹರಾಜಿನ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸಲಾಗುವುದಿಲ್ಲ. ಅವು ಗುಜರಿಗೆ ಸಲ್ಲುವ ವಾಹನಗಳು. ಎಷ್ಟೇ ಅಗ್ಗವಾಗಿದ್ದರೂ ರಸ್ತೆಗೆ ಬಾರವು. ಖಾಸಗಿ ಲಾರಿಯ ವಿಷಯದಲ್ಲಿಯೂ ವಯಸ್ಸು ಹೆಚ್ಚಿದಂತೆ ಪರೀಕ್ಷಾ ಶುಲ್ಕ ಹೆಚ್ಚುತ್ತದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕಾಗುತ್ತದೆ. ವರ್ಗ ಬದಲಾವಣೆಯ ನಂತರದ ತೆರಿಗೆ ಎಷ್ಟೆಂಬುದನ್ನು ಮುಂಗಡ ಕೊಡುವ ಮೊದಲೇ ಕಚೇರಿಯಲ್ಲಿ ವಿಚಾರಿಸಿ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.

ಒಳಗಿನ ಕೆಲಸ ಮತ್ತು ಖರ್ಚು

ಹಳೆಯ ಎರಡು ಆಕ್ಸಲ್‌ನ ಭಾರಿ ಲಾರಿಯ ಒಟ್ಟು ತೂಕದ ಮಿತಿ 16,200 ಕೆ.ಜಿ. ಇರುತ್ತಿತ್ತು. 18 ಮಿ.ಮೀ. ದಪ್ಪದ, ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ. ಇಪ್ಪತ್ತು ಹಾಳೆ ಬಳಸಿದರೂ 700 ಕೆ.ಜಿ.; 200 ಲೀಟರ್ ನೀರಿಗೆ 200 ಕೆ.ಜಿ. ಆದುದರಿಂದ ತೂಕ ಮೀರುವ ಭಯ ಕಡಿಮೆ. ತೊಂದರೆ ಬೇರೆಡೆ ಇದೆ. ಹತ್ತು ಟನ್ ಹೊರಲು ಮಾಡಿದ ಸ್ಪ್ರಿಂಗ್ ಪಟ್ಟಿಗಳು ಎರಡು ಟನ್ ಭಾರಕ್ಕೆ ಬಗ್ಗುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಕಪಾಟು, ಪೈಪಿನ ಜೋಡಣೆ ಎಲ್ಲವೂ ಸಡಿಲಗೊಳ್ಳುತ್ತವೆ. ಮೊಳೆಯ ಬದಲು ಬೋಲ್ಟ್, ಗಡುಸು ಪೈಪಿನ ಬದಲು ಬಾಗುವ ಪೈಪು ಬಳಸುವುದು ಸೂಕ್ತ. ನೀರಿನ ಟ್ಯಾಂಕು ಮತ್ತು ಬ್ಯಾಟರಿಗಳನ್ನು ಕೆಳಗೆ, ಎರಡೂ ಬದಿಗೆ ಸಮನಾಗಿ ಇಡಬೇಕು. ಚಾವಣಿಯ ಮೇಲೆ ಟ್ಯಾಂಕು ಇಟ್ಟಲ್ಲಿ ತಿರುವಿನಲ್ಲಿ ವಾಹನ ವಾಲುತ್ತದೆ. ಅಗಲ 2.6 ಮೀಟರ್ ಮೀರುವಂತಿಲ್ಲ. ಹಿಂಭಾಗದ ಚಾಚು ಚಕ್ರಾಂತರದ ಶೇ. 60ರ ಒಳಗೆ ಇರತಕ್ಕದ್ದು.

ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ, ಅಂದರೆ ಹಾಸಿಗೆಯ ಮಟ್ಟದಲ್ಲಿ, ಶೇಖರವಾಗುತ್ತದೆ. ಸಿಲಿಂಡರಿನ ಗೂಡಿಗೆ ಹೊರಗಿನಿಂದಲೇ ಬಾಗಿಲು, ತಳದಲ್ಲಿ ಗಾಳಿಕಿಂಡಿ, ಹಾಗೂ ವಾಹನಕ್ಕೆ ಎರಡನೆಯ ನಿರ್ಗಮನ ದ್ವಾರ ಇವುಗಳಲ್ಲಿ ಉಳಿತಾಯ ಮಾಡಬಾರದು. ಉಳಿತಾಯಕ್ಕೆ ಹಾಸಿಗೆ, ಪರದೆ, ಬಣ್ಣ ಇವೆ.

ಓಡಿಸುವ ಖರ್ಚನ್ನೂ ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಇಂತಹ ಲಾರಿ ಲೀಟರಿಗೆ ನಾಲ್ಕೈದು ಕಿ.ಮೀ. ಓಡುತ್ತದೆ ಎಂದುಕೊಂಡರೆ, ಸುಮಾರು 260 ಕಿ.ಮೀ. ದೂರದ ಬೆಂಗಳೂರಿಗೆ ಹೋಗಲು 52ರಿಂದ 65 ಲೀಟರ್ ಡೀಸೆಲ್ ಬೇಕು. ಆರು ಟೈರುಗಳನ್ನು ಬದಲಿಸುವ ವೆಚ್ಚ ಇದಕ್ಕೆ ಹೊರತು. 7,500 ಕೆ.ಜಿ. ಮೀರಿದ ವಾಹನವನ್ನು ಕಾರಿನ ಚಾಲನಾ ಪರವಾನಗಿಯಿಂದ ಓಡಿಸುವಂತಿಲ್ಲ. ವರ್ಷಕ್ಕೆ ಎರಡು ಪ್ರವಾಸ ಮಾತ್ರ ಹೋಗುವವರಿಗೆ ಸಣ್ಣ ವಾಹನವೇ ಸಾಕಾಗಬಹುದು.

ಅರ್ಜಿ ಸಲ್ಲಿಸುವ ಕ್ರಮ

ದಾವಣಗೆರೆ ಮತ್ತು ಹರಿಹರದ ನಿವಾಸಿಗಳು ದಾವಣಗೆರೆಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ತುಂಗಭದ್ರಾ ಸೇತುವೆಯ ಆಚೆ, ಕುಮಾರಪಟ್ಟಣದಲ್ಲಿ ಕೆಲಸ ಮಾಡಿಸಿದರೆ ಅದು ಹಾವೇರಿ ಜಿಲ್ಲೆಗೆ ಸೇರಿದ ಸ್ಥಳವಾಗುತ್ತದೆ. ಆದರೆ ಅರ್ಜಿಯ ಕಚೇರಿಯು ಮಾಲೀಕರ ವಾಸಸ್ಥಳವನ್ನು ಅನುಸರಿಸುತ್ತದೆಯೇ ಹೊರತು ಗ್ಯಾರೇಜಿನ ವಿಳಾಸವನ್ನಲ್ಲ.

ಲಾರಿಯನ್ನು ಕೊಂಡವರು ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವವನ್ನು ಮೊದಲು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಸರಕು ಪರ್ಮಿಟನ್ನು ಹಿಂದಿರುಗಿಸಿ, ತದನಂತರ ಮಾರ್ಪಾಡಿನ ಅನುಮೋದನೆಗಾಗಿ ಬಾಡಿ ನಿರ್ಮಾಪಕರ ಅನುಮೋದನೆ ಪ್ರತಿ ಹಾಗೂ ನಕ್ಷೆಯೊಂದಿಗೆ ಅರ್ಜಿ ಸಲ್ಲಿಸಬೇಕು. ಲಿಖಿತ ಅನುಮೋದನೆ ಕೈಸೇರಿದ ನಂತರವೇ ಕೆಲಸ ಆರಂಭಿಸತಕ್ಕದ್ದು. ಕೆಲಸ ಮುಗಿದ 14 ದಿನಗಳೊಳಗಾಗಿ ನೋಂದಣಿ ಪತ್ರ ಮತ್ತು ನಿಗದಿತ ಶುಲ್ಕದೊಂದಿಗೆ ವರದಿ ಮಾಡಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ಹಾಜರುಪಡಿಸಬೇಕು. ಹೊಸ ವರ್ಗ ನೋಂದಣಿ ಪತ್ರದಲ್ಲಿ ನಮೂದಾದ ಬಳಿಕ ಅದರ ಪ್ರತಿಯನ್ನು ವಿಮಾ ಕಂಪನಿಗೆ ನೀಡಿ ಪಾಲಿಸಿಯನ್ನು ತಿದ್ದಿಸಿಕೊಳ್ಳುವುದು, ಹಾಗೂ ಖಾಸಗಿ ಬಳಕೆಯ ವಾಹನವಾದಲ್ಲಿ ಹಳದಿ ಫಲಕದ ಬದಲು ಬಿಳಿ ಬಣ್ಣದ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸಿಕೊಳ್ಳುವುದು ಮಾಲೀಕರ ಜವಾಬ್ದಾರಿಯಾಗಿರುತ್ತದೆ.